ಸೇನಾಪತಿಯ ಮೂರು ನಿಲುವಂಗಿ

"ನನ್ನ ಹೊಟ್ಟೆಯೊಳಗಿನ ಗುಟ್ಟು ಹೊರಗೆ ಬರಬೇಕಾದ್ರೆ ಡಾಕ್ಟರು ಕತ್ತರಿ ಹಿಡ್ಕೊಂಡೇ ಬರಬೇಕು, ತಿಳ್ಕೊಳಿ!"

ಸೋಮವಾರ ಬೆಳಿಗ್ಗೆ ಹುಕ್ಕಮ್ಮ ಹೀಗೆ ಘೋಷಣೆ ಹೊರಡಿಸಿದಾಗ ಎದುರಿಗೆ ಇದ್ದದ್ದು ಆಸ್ಥಾನವಲ್ಲ, ಅಡುಗೆಮನೆಯ ಮೇಜು. ಸಿಂಹಾಸನವೂ ಇರಲಿಲ್ಲ, ಒಂದು ಕಾಲಿಗೆ ರಟ್ಟು ಮಡಿಸಿ ಕೊಟ್ಟ ಕುರ್ಚಿ ಇತ್ತು. ಅದರ ಮೇಲೆ ಕೂತಿದ್ದವರು ಯಜಮಾನರು. ಮೂವತ್ತು ವರ್ಷ ಬಸ್ಸು ಓಡಿಸಿ, ಈಗ ಮನೆಯಲ್ಲಿ ಟೀವಿ ಮಾತ್ರ ಓಡಿಸುವ ಮನುಷ್ಯ. ಅರ್ಧ ಚಮಚ ಸಕ್ಕರೆ ಹಾಕಿದ ಚಹಾವನ್ನು ಕಷಾಯದ ಹಾಗೆ ಮುಖ ಹಿಂಡಿಕೊಂಡು ಕುಡಿದು, "ಹೌದು ಕಣೆ, ನಿನ್ನ ಹೊಟ್ಟೆ ಅಂದ್ರೆ ಹೊಟ್ಟೆಯೇ ಅಲ್ಲ, ಕಬ್ಬಿಣದ ಪೆಟ್ಟಿಗೆ" ಎಂದರು. ಎಂದು, ಲೋಟದೊಳಗೆ ನೋಡಿಕೊಂಡು ಏಕೋ ನಕ್ಕರು.

ಆ ನಗುವನ್ನು ಆಗಲೇ ಹಿಡಿದು ನಿಲ್ಲಿಸಿ ಕೇಳಿದ್ದರೆ ಮುಂದಿನ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಹುಕ್ಕಮ್ಮನಿಗೆ ಹೊತ್ತಾಗಿತ್ತು. ಸೂಜಿಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮೂವತ್ತೆರಡು ಮೆಟ್ಟಿಲು ಇಳಿದೇಬಿಟ್ಟಳು.

ಹುಕ್ಕಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅದು ಕೆಲಸ ಇಟ್ಟ ಹೆಸರು. ಟೀವಿಯಲ್ಲಿ ದಿನಾ ಸಂಜೆ ಬರುವ ಐತಿಹಾಸಿಕ ಧಾರಾವಾಹಿಯ ಉಡುಪಿನ ಕೋಣೆಯಲ್ಲಿ ಅವಳು ಬಟ್ಟೆಗೆ ಹುಕ್ಕು ಹಾಕುತ್ತಾಳೆ. ರಾಣಿಯ ರವಿಕೆ, ಮಂತ್ರಿಯ ನಡುಪಟ್ಟಿ, ದ್ವಾರಪಾಲಕನ ಕವಚ, ಎಲ್ಲವೂ ಕೊನೆಗೆ ಅವಳ ಮಡಿಲಿಗೇ ಬಂದು ಬೀಳಬೇಕು. ಆ ಕಾಲದ ರಾಜರಿಗೆ ಹುಕ್ಕು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕ್ಯಾಮೆರಾಕ್ಕೆ ಕಾಣದ ಹಾಗೆ ಒಳಗಡೆಯಿಂದ ಹಾಕಿಬಿಟ್ಟರೆ ಇತಿಹಾಸ ತಕರಾರು ಮಾಡುವುದಿಲ್ಲ!

ಕಥೆ ಅರಮನೆಯದು. ಮುದಿ ಮಹಾರಾಜ, ಅವನಿಗೆ ಒಬ್ಬಳೇ ರಾಜಕುಮಾರಿ. ಅವಳು ಮನಸ್ಸು ಕೊಟ್ಟದ್ದು ಹಸಿರು ಮಖಮಲ್ಲಿನ ನಿಲುವಂಗಿಯ, ಸುರುಳಿ ಮೀಸೆಯ ಸೇನಾಪತಿಗೆ. ಇವರಿಬ್ಬರನ್ನು ಅಗಲಿಸಿ ತನ್ನ ಮಗನನ್ನು ಸಿಂಹಾಸನದ ಮೇಲೆ ಕೂರಿಸಬೇಕೆಂದು ನಾಲ್ಕು ವರ್ಷದಿಂದ ಹುಬ್ಬು ಹಾರಿಸುತ್ತಿರುವವನು ಮಂತ್ರಿ. ಈ ನಾಲ್ಕು ವರ್ಷದಲ್ಲಿ ಸೇನಾಪತಿ ರಾಜಕುಮಾರಿಯ ಕೈ ಹಿಡಿದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಅವಳು ಬಾವಿಗೆ ಬಿದ್ದಿದ್ದಳು! ಆದರೂ ಆ ಪ್ರೀತಿಗಾಗಿ ಬೀದಿಗೆ ಬೀದಿಯೇ ಸಂಜೆ ಏಳೂವರೆಗೆ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಹುಕ್ಕಮ್ಮನ ಮನೆಯ ಕೆಳಗಿನ ಸಲೂನಿನಲ್ಲಂತೂ ಅರ್ಧ ಬೋಳಿಸಿದ ಗಡ್ಡದ ಗಿರಾಕಿಗಳು ಕತ್ತಿಯ ಕೆಳಗೇ ಕತ್ತು ಚಾಚಿ ಟೀವಿ ನೋಡುತ್ತಿದ್ದರು. ಸಲೂನಿನವನು ಕನ್ನಡಿಯ ಪಕ್ಕ ಸೇನಾಪತಿಯ ದೊಡ್ಡ ಪಟ ತೂಗುಹಾಕಿದ್ದ. "ಸೇನಾಪತಿ ಮೀಸೆ" ಎಂದರೆ ಅವನ ಅಂಗಡಿಯ ಹೆಮ್ಮೆ.

ಉಡುಪಿನ ಕೋಣೆಗೆ ಒಂದು ಶಾಸನವಿತ್ತು. ಬಟ್ಟೆ ಕತ್ತರಿಸುವ ಮಾಸ್ಟರ್ ಅದನ್ನು ಬರೆಸಿರಲಿಲ್ಲ, ಬಾಯಲ್ಲೇ ಹೇಳಿದ್ದರು. "ಇಲ್ಲಿ ಏನು ಕತ್ತರಿಸಿದ್ವಿ ಅಂತ ಹೊರಗೆ ಗೊತ್ತಾಯ್ತೋ, ಹೇಳಿದವರ ಸೂಜಿಪೆಟ್ಟಿಗೆ ಅವತ್ತೇ ಗೇಟಿನ ಹೊರಗೆ!" ಯಾಕೆಂದರೆ ಕಥೆ ಟೀವಿಗೆ ಬರುವ ಮೊದಲು ಬಟ್ಟೆಗೆ ಬರುತ್ತದೆ. ಕೆಂಪು ರೇಷ್ಮೆ ಬಂತೆಂದರೆ ಮದುವೆ, ಕಾವಿ ಬಂತೆಂದರೆ ಯಾರೋ ಕಾಡಿಗೆ ಹೊರಟರು. ಒಂದೇ ಥರದ ಬಟ್ಟೆ ಮೂರು ಜೊತೆ ಬಂತೆಂದರೆ ಮುಗಿಯಿತು, ಚೂರಿ! ಮೊದಲನೆಯದು ಚುಚ್ಚುವ ಮುಂಚಿನದು. ಎರಡನೆಯದು ಎದೆಯ ಹತ್ತಿರ ಕೆಂಪು ನೀರಿನ ಚೀಲ ಇಟ್ಟು ಚುಚ್ಚಿಸಿಕೊಳ್ಳುವುದು. ಮೂರನೆಯದು, ಚುಚ್ಚಿದ್ದು ಸರಿಯಾಗಿ ಬರಲಿಲ್ಲವೆಂದು ನಿರ್ದೇಶಕರು ಮತ್ತೊಮ್ಮೆ ಚುಚ್ಚಿಸಿದರೆ ಬೇಕಲ್ಲ, ಅದಕ್ಕೆ. ಹಿರಿಯ ರಾಣಿ ಹೋದಾಗಲೂ ಮೂರು. ರಾಜಗುರುವಿನ ಎದೆಗೆ ಬಾಣ ಬಿದ್ದಾಗಲೂ ಮೂರು.

ಇಷ್ಟೆಲ್ಲ ಗೊತ್ತಿದ್ದೂ ಹುಕ್ಕಮ್ಮ ಮನೆಯಲ್ಲಿ ತುಟಿ ಎರಡು ಮಾಡಿದವಳಲ್ಲ. ಯಜಮಾನರು ಕಾಡುವಷ್ಟು ಕಾಡಿ ನೋಡಿದ್ದರು. "ನಾನೇನು ಮಂತ್ರಿ ಕಡೆಯ ಗೂಢಚಾರನೇನೆ? ಗಂಡ ಕಣೆ!"

"ಗಂಡ ಅಂತಾನೇ ಹೇಳ್ತಿಲ್ಲ. ಗೂಢಚಾರನಾದ್ರೆ ಒಬ್ಬ ರಾಜನಿಗೆ ಹೇಳ್ತಾನೆ. ನೀವು ಇಡೀ ಸಲೂನಿಗೆ ಹೇಳ್ತೀರಿ."

ವಿಚಿತ್ರವೆಂದರೆ, ಹಿರಿಯ ರಾಣಿ ರಕ್ತದಲ್ಲಿ ಬಿದ್ದ ಸಂಜೆ ಬೀದಿಯೆಲ್ಲ ಹೋ ಎಂದು ಅತ್ತರೂ ಯಜಮಾನರು ಮಾತ್ರ ನಿಧಾನವಾಗಿ ಕಾಲು ಚಾಚಿ ಆಕಳಿಸಿದ್ದರು. ಬಸ್ಸು ಓಡಿಸಿದವರು, ಎದೆ ಗಟ್ಟಿ ಎಂದುಕೊಂಡಳು ಹುಕ್ಕಮ್ಮ. ಇನ್ನೊಂದು ವಿಚಿತ್ರವೂ ಇತ್ತು. ಯಜಮಾನರ ರಕ್ತದಲ್ಲಿನ ಸಕ್ಕರೆ ತಿಂಗಳುಗಟ್ಟಲೆ ಸಾಧುವಾಗಿದ್ದು, ಇದ್ದಕ್ಕಿದ್ದಂತೆ ಒಂದೊಂದು ತಿಂಗಳು ಹೆಡೆಯೆತ್ತುತ್ತಿತ್ತು. "ನನಗಂತೂ ಅರ್ಥ ಆಗ್ತಿಲ್ಲ" ಎಂದು ಡಾಕ್ಟರು ಕೈಚೆಲ್ಲಿದ್ದರು.

ಮಂಗಳವಾರ ಮಧ್ಯಾಹ್ನ ಮಾಸ್ಟರ್ ಒಂದು ಗಂಟು ತಂದು ಹುಕ್ಕಮ್ಮನ ಮೇಜಿನ ಮೇಲಿಟ್ಟು, "ಹುಕ್ಕಮ್ಮನೋರೆ, ಗುರುವಾರಕ್ಕೆ ಬೇಕು. ಯಾರಿಗೂ ತೋರಿಸಬೇಡಿ, ಏನೂ ಕೇಳಬೇಡಿ" ಎಂದು ಬಟ್ಟೆ ತರಲು ಪೇಟೆಗೆ ಹೊರಟುಹೋದರು.

ಗಂಟು ಬಿಚ್ಚಿದಳು. ಹಸಿರು ಮಖಮಲ್ಲು. ಸೇನಾಪತಿಯ ನಿಲುವಂಗಿ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ...

"ಅಯ್ಯೋ ನನ್ನಪ್ಪಾ!" ಎಂದು ಹುಕ್ಕಮ್ಮ ಮೂರನೆಯದರ ಮೇಲೆ ಕೈಯಿಟ್ಟು ಕೂತುಬಿಟ್ಟಳು.

ಸೇನಾಪತಿಯ ವೇಷ ಹಾಕುತ್ತಿದ್ದವನು ಆ ಇಡೀ ಸ್ಟುಡಿಯೋದಲ್ಲಿ ಅವಳನ್ನು "ಅಮ್ಮಾ" ಎಂದು ಕರೆಯುವ ಒಬ್ಬನೇ ಒಬ್ಬ. ಮಹಾರಾಜ ಅವಳನ್ನು "ಏಯ್, ಹುಕ್ಕು" ಎನ್ನುತ್ತಿದ್ದ. ಸೇನಾಪತಿ ಹಾಗಲ್ಲ. ಅಂಗಿ ತೊಡಿಸುವಾಗ ಊಟವಾಯಿತೇ ಎಂದು ಕೇಳುವನು, ಸೂಜಿ ಚುಚ್ಚಿದರೂ "ಯುದ್ಧದಲ್ಲಿ ಇದೆಲ್ಲ ಮಾಮೂಲು ಅಮ್ಮಾ" ಎನ್ನುವನು. ಹೋದ ತಿಂಗಳಷ್ಟೇ ಅವನಿಗೆ ಹೆಣ್ಣುಮಗು ಹುಟ್ಟಿತ್ತು. ಎಲ್ಲರಿಗೂ ಫೋನಿನಲ್ಲಿ ಮಗುವಿನ ಕಿರುಬೆರಳು ತೋರಿಸಿಕೊಂಡು ತಿರುಗಿದ್ದ. ಅಂಥವನನ್ನು ಈಗ ಚುಚ್ಚಿ ಕಥೆಯಿಂದ ಆಚೆಗೆ ಹಾಕುತ್ತಾರೆ! ಅವನ ಕೆಲಸ ಹೋಯಿತು. ಅವನಿಗೆ ಗೊತ್ತೇ ಇಲ್ಲ!

ಕಣ್ಣೊರೆಸಿಕೊಂಡು ಟೇಪು ಹಿಡಿದಳು. ಹಿಡಿದವಳೇ ಹುಬ್ಬು ಗಂಟಿಕ್ಕಿದಳು. ಮೊದಲನೆಯ ಅಂಗಿ ಸೇನಾಪತಿಯ ಅಳತೆಗೆ ಸರಿಯಾಗಿತ್ತು. ಎರಡನೆಯದು ಸೊಂಟದ ಹತ್ತಿರ ಒಂದು ಗೇಣು ಅಗಲ! ಮೂರನೆಯದರ ತೋಳು ನಾಲ್ಕು ಬೆರಳು ಉದ್ದ!

"ಮಾಸ್ಟರ್‌ಗೆ ವಯಸ್ಸಾಯ್ತು" ಎಂದು ಅವರಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ಹುಕ್ಕಮ್ಮ ನಿಟ್ಟುಸಿರುಬಿಟ್ಟಳು. ಸಾಯುವ ಮನುಷ್ಯನಿಗೆ ಜೋಲು ಅಂಗಿಯೇ? ಇದ್ದಾಗ ಹೇಗಿದ್ದನೋ ಹೋಗುವಾಗಲೂ ಹಾಗೇ ಕಾಣಬೇಡವೇ? ಎರಡನೆಯದರ ಪಕ್ಕದ ಹೊಲಿಗೆ ಬಿಚ್ಚಿ ಗೇಣು ಒಳಕ್ಕೆಳೆದಳು. ಮೂರನೆಯದರ ತೋಳು ಮಡಿಸಿ, ಹೆಚ್ಚಾದದ್ದನ್ನು ಧೈರ್ಯವಾಗಿ ಕತ್ತರಿಸಿಯೇಬಿಟ್ಟಳು. ಒಂದೊಂದಕ್ಕೂ ಏಳೇಳು ಹುಕ್ಕು, ಪ್ರತಿ ಹುಕ್ಕಿಗೂ ನಾಲ್ಕರ ಬದಲು ಎಂಟು ಸುತ್ತು ದಾರ. ಬೇರೆ ಏನು ಮಾಡಲು ಸಾಧ್ಯ? ಅವನನ್ನು ಉಳಿಸುವ ಕಲೆ ಅವಳ ಸೂಜಿಗಿರಲಿಲ್ಲ. ಚೆನ್ನಾಗಿ ಕಳಿಸಿಕೊಡುವ ಕಲೆಯಿತ್ತು.

ಸಂಜೆ ಮೂವತ್ತೆರಡು ಮೆಟ್ಟಿಲಲ್ಲಿ ಮೂರು ಕಡೆ ನಿಂತು ನಿಂತು ಹತ್ತಿದಳು. ಯಜಮಾನರು ಬಾಗಿಲು ತೆರೆದು, "ಏನೇ, ಮುಖ ಒಗೆದ ಬಟ್ಟೆ ಹಾಗೆ ಹಿಂಡಿಕೊಂಡಿದೆ?" ಎಂದರು.

"ಏನಿಲ್ಲ. ಮಂಡಿ ನೋವು."

"ಸೇನಾಪತಿ ಹೇಗಿದ್ದಾನೆ?"

"ನನ್ನೇನು ಕೇಳ್ತೀರಿ? ಟೀವಿ ನೋಡಿ!"

ಒಂದಕ್ಷರ ಹೆಚ್ಚು ಆಡಲಿಲ್ಲ. ಪಾಪ, ಸೇನಾಪತಿ ಎಂದರೆ ಈ ಮನುಷ್ಯನಿಗೂ ಎಷ್ಟು ಪ್ರಾಣ, ಗೊತ್ತಾದಾಗ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಯೋಚಿಸುತ್ತಾ ಚಹಾ ಮಾಡಿದಳು. ಕೈ ತನ್ನ ಪಾಡಿಗೆ ತಾನು ಸಕ್ಕರೆ ಡಬ್ಬಿಗೆ ಹೋಗಿ ಬಂತು. ಇನ್ನೊಂದು ಸಲವೂ ಹೋಗಿ ಬಂತು. ಯಜಮಾನರು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿಕೊಂಡರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?"

"ಹೀಗೇ... ಸಲೂನಿಗೆ."

ತಲೆಯಲ್ಲಿ ಹನ್ನೊಂದು ಕೂದಲಿರುವ ಮನುಷ್ಯ ಸಲೂನಿಗೆ ಯಾಕೆ ಹೋಗುತ್ತಾನೆಂದು ಅವಳು ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಕೆಳಗಿಳಿದರೆ ಸಲೂನಿನವನು ಸೇನಾಪತಿಯ ಪಟವನ್ನು ಗೋಡೆಯಿಂದ ಇಳಿಸಿ ಮೊಳೆಯನ್ನೇ ದಿಟ್ಟಿಸುತ್ತಾ ನಿಂತಿದ್ದ. "ಅಮ್ಮಾ, ಸತ್ತವನ ಮೀಸೆ ಇನ್ನು ಯಾರು ಇಟ್ಕೊಳ್ತಾರೆ?" ಎಂದು ಅಳುದನಿಯಲ್ಲಿ ಕೇಳಿದ.

ಹುಕ್ಕಮ್ಮ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಯಾರು ಸತ್ತಿದ್ದು?"

"ಇನ್ನೂ ಸತ್ತಿಲ್ಲ. ಸಾಯ್ತಾನಂತೆ. ಊರೆಲ್ಲ ಹೇಳ್ತಿದೆ."

ಊರು ಬರೀ ಹೇಳಿ ಸುಮ್ಮನಾಗಲಿಲ್ಲ. ಗುರುವಾರ ಬೆಳಿಗ್ಗೆ ಸ್ಟುಡಿಯೋದ ಗೇಟಿನ ಮುಂದೆ ಮೂವತ್ತು ನಲವತ್ತು ಹೆಂಗಸರು, ಅವರ ಹಿಂದೆ ಸುರುಳಿ ಮೀಸೆಯ ಒಂದಿಷ್ಟು ಗಂಡಸರು, "ಸೇನಾಪತಿಯನ್ನು ಕೊಲ್ಲಬೇಡಿ" ಎಂದು ರಟ್ಟಿನ ಮೇಲೆ ಬರೆದು ಹಿಡಿದುಕೊಂಡು ನಿಂತಿದ್ದರು. ಮಂತ್ರಿಯ ವೇಷದವನ ಕಾರು ಒಳಗೆ ಬಂದಾಗ ಒಬ್ಬಾಕೆ ಕಿಟಕಿಯೊಳಗೆ ಬಗ್ಗಿ, "ನಿನ್ನ ವಂಶ ಉದ್ಧಾರ ಆಗಲ್ಲ!" ಎಂದು ಆಶೀರ್ವದಿಸಿದಳಂತೆ. ಅವನು ಒಳಗೆ ಬಂದು ನೀರು ಕೇಳಿ ಕುಡಿದ.

ಉಡುಪಿನ ಕೋಣೆಯಲ್ಲಿ ಮಾಸ್ಟರ್ ಬಾಗಿಲು ಹಾಕಿ, ಕತ್ತರಿಯನ್ನು ಮೇಜಿನ ಮೇಲೆ ಕುಟ್ಟಿದರು. ಹುಕ್ಕಮ್ಮ, ಇಸ್ತ್ರಿಯವನು, ಜರಿ ಹಚ್ಚುವ ಅಕ್ಕ, ಮೂವರೂ ಸಾಲಾಗಿ ನಿಂತರು, ಥೇಟು ರಾಜದ್ರೋಹಿಗಳ ಹಾಗೆ.

"ಯಾರು ಹೇಳಿದ್ದು?"

ಇಸ್ತ್ರಿಯಿಂದ ಸುಯ್ ಎಂದು ಹಬೆ ಮಾತ್ರ ಬಂತು.

"ಗೇಟಿನ ಹತ್ರ ವಿಚಾರಿಸಿದೆ. ಯಾವುದೋ ಸಲೂನಿಂದ ಹೊರಟ ಸುದ್ದಿಯಂತೆ. ಕನ್ನಡಿ ಪಕ್ಕ ಸೇನಾಪತಿ ಪಟ ಇತ್ತಂತೆ, ನಿನ್ನೆ ಇಳಿಸಿದರಂತೆ."

ಹುಕ್ಕಮ್ಮನಿಗೆ ಅದು ಯಾವ ಸಲೂನೆಂದು ಗೊತ್ತಾಗಿಹೋಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಪಕ್ಕದಲ್ಲಿ ಜರಿಯ ಅಕ್ಕ ತಪ್ಪು ಮಾಡದಿದ್ದರೂ ಗಡಗಡ ನಡುಗುತ್ತಿದ್ದಳು. "ಅದು ನಮ್ಮನೆ ಕೆಳಗಿನ ಸಲೂನು, ಮಾಸ್ಟರ್" ಎಂದಳು. "ಆದ್ರೆ ನನ್ನ ಸೂಜಿ ಮೇಲಾಣೆ, ನಾನು ಬಾಯಿ ಬಿಟ್ಟಿಲ್ಲ."

"ಬಾಯಿ ಬಿಡದೆ ಗುಟ್ಟೇನು ಕಿವಿಯಿಂದ ಉದುರಿತೇ ಹುಕ್ಕಮ್ಮನೋರೆ?"

ಮಾಸ್ಟರ್‌ರ ಕಣ್ಣು ಅವಳ ಸೂಜಿಪೆಟ್ಟಿಗೆಯ ಮೇಲೆ ಹೋಯಿತು. ಬಿಸ್ಕತ್ತಿನ ಹಳೇ ಡಬ್ಬಿ ಅದು; ಮುಚ್ಚಳದ ಮೇಲಿನ ಗುಲಾಬಿ ಹೂವು ಅವಳ ಹೆಬ್ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ಅದಿಲ್ಲದೆ ಮನೆಯಲ್ಲಿ ಕೂತು ತಾನು ಏನು ಮಾಡಬೇಕು? ಯಜಮಾನರ ಪಕ್ಕ ಕೂತು, ಬೇರೆ ಯಾರೋ ಹುಕ್ಕು ಹಾಕಿದ ರಾಣಿಯರನ್ನು ನೋಡಬೇಕೇ?

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಸಾಕ್ಷಾತ್ ಸೇನಾಪತಿ! ಅರ್ಧ ಮೇಕಪ್ಪು, ಒಂದೇ ಕಿವಿಗೆ ಕುಂಡಲ, ಕಣ್ಣು ಕೆಂಪು.

"ಅಮ್ಮಾ, ನೀವು ಸುಳ್ಳು ಹೇಳಲ್ಲ. ನನ್ನನ್ನ ಸಾಯಿಸ್ತಾರಾ?"

ಒಂದು ಕಡೆ ಮಾಸ್ಟರ್‌ರ ಶಾಸನ, ಇನ್ನೊಂದು ಕಡೆ ಆ ಮಗುವಿನ ಕಿರುಬೆರಳು. ಹುಕ್ಕಮ್ಮ ನಡುವೆ ಸಿಕ್ಕಿಕೊಂಡಳು. ಹೌದು ಎನ್ನುವ ಹಾಗಿಲ್ಲ, ಇಲ್ಲ ಎಂದರೆ ಸುಳ್ಳು. ಬಹಳ ಯೋಚಿಸಿ, ಗುಟ್ಟಿಗೆ ಎಳ್ಳಷ್ಟೂ ಸಂಬಂಧವಿಲ್ಲದ ಒಂದು ಮಾತು ಹುಡುಕಿ ತೆಗೆದಳು.

"ಅಂಗಿ ಮಾತ್ರ ಮೈಗೆ ತುಂಬಾ ಚೆನ್ನಾಗಿ ಕೂರುತ್ತೆ ಮಗಾ."

ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು!

ಸೇನಾಪತಿ ಒಂದು ಕ್ಷಣ ಅವಳನ್ನು ನೋಡಿದ. ಮರುಕ್ಷಣ ಮೇಕಪ್ಪಿನ ಕೋಣೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡ. "ಮೊದಲು ನಾನು ಬದುಕ್ತೀನೋ ಸಾಯ್ತೀನೋ ಹೇಳಿ, ಆಮೇಲೆ ಬರ್ತೀನಿ!" ಎಂದು ಒಳಗಿಂದಲೇ ಕೂಗಿದ. ಹೊರಗೆ ದೀಪಗಳು ಉರಿಯುತ್ತಿದ್ದವು. ಕುದುರೆ ಸಿದ್ಧವಾಗಿ ನಿಂತು ತನ್ನ ಒಣಹುಲ್ಲನ್ನು ಮುಗಿಸಿ ಅಲಂಕಾರದ ಮಾಲೆಗೆ ಬಾಯಿ ಹಾಕಿತ್ತು. ರಾಜಕುಮಾರಿ ಕಿರೀಟ ಭಾರವೆಂದು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

ನಿರ್ದೇಶಕರೇ ಓಡಿ ಬಂದರು. ಬಾಗಿಲು ತಟ್ಟಿದರು, ಬೈದರು, ಅಂಗಲಾಚಿದರು. ಕೊನೆಗೆ ಸೋತು, ಎಲ್ಲರ ಎದುರಿಗೇ ಬಾಗಿಲಿಗೆ ಬಾಯಿಟ್ಟು ಕಥೆ ಒಪ್ಪಿಸಿದರು.

"ನಿನ್ನನ್ನ ಯಾರಪ್ಪಾ ಸಾಯಿಸ್ತಾರೆ? ಮಂತ್ರಿ ಇಬ್ಬರು ನಕಲಿ ಸೇನಾಪತಿಗಳನ್ನ ತಯಾರು ಮಾಡ್ತಾನೆ ಕಣೋ! ಒಬ್ಬ ಕುದುರೆ ಮೇಲೆ, ಇನ್ನೊಬ್ಬ ಉದ್ಯಾನದಲ್ಲಿ, ಮುಖಕ್ಕೆ ಮುಸುಕು ಹಾಕ್ಕೊಂಡು ಬೇರೆ ಬೇರೆ ಹೆಂಗಸರ ಜೊತೆ ಓಡಾಡೋದು. ರಾಜಕುಮಾರಿ ನೋಡಿ ನಿನ್ನ ಮೇಲೆ ಸಂಶಯ ಪಡಬೇಕು, ಆಮೇಲೆ ನಿಜ ಗೊತ್ತಾಗಬೇಕು, ಆಮೇಲೆ ಮದುವೆ! ಅದಕ್ಕೇ ಮೂರು ಅಂಗಿ. ನಿನಗೊಂದು, ಅವರಿಗೆರಡು!"

ಚಿಲಕ ತೆರೆದುಕೊಂಡಿತು.

ಹುಕ್ಕಮ್ಮನ ಎದೆಯಿಂದ ಒಂದು ಬಂಡೆ ಇಳಿಯಿತು. ಬದುಕಿದ! ಸೇನಾಪತಿ ಬದುಕಿದ! ಕೈಮುಗಿಯಬೇಕೆಂದು ಎರಡೂ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅವರಿಗೆ ಎರಡು... ಅಂದರೆ ಆ ಗೇಣು ಸೊಂಟ, ಆ ನಾಲ್ಕು ಬೆರಳು ತೋಳು...

"ಎಲ್ಲಿ, ಆ ಇಬ್ಬರಿಗೂ ಅಂಗಿ ತೊಡಿಸಿ, ಹೊತ್ತಾಯ್ತು!" ಎಂದರು ನಿರ್ದೇಶಕರು.

ಇಬ್ಬರೂ ಬಂದರು. ಕುದುರೆ ಸವಾರನನ್ನು ಸ್ಟುಡಿಯೋದಲ್ಲಿ ಎಲ್ಲರೂ "ಗೋಡೆ" ಎಂದು ಕರೆಯುತ್ತಿದ್ದರು. ಯಾಕೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಇನ್ನೊಬ್ಬ ಎಷ್ಟು ಎತ್ತರವೆಂದರೆ ಬಾಗಿಲ ಚೌಕಟ್ಟಿಗೆ ಪ್ರತಿ ಸಲವೂ ನಮಸ್ಕಾರ ಮಾಡಿಯೇ ಒಳಗೆ ಬರಬೇಕು. ಎತ್ತರದವನು ಅಂಗಿಯೊಳಗೆ ತೋಳು ತೂರಿಸಿದ. ಅಂಗಿಯ ತೋಳು ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ಮುಗಿದುಹೋಯಿತು! "ಇದು ಸೇನಾಪತಿದೋ, ಸೇನಾಪತಿ ಮಗುದೋ?" ಎಂದು ಅವನು ಎರಡೂ ಕೈ ಚಾಚಿ ನೋಡಿಕೊಂಡ.

ಗೋಡೆಯದು ಇನ್ನೂ ಘನವಾದ ಪ್ರಕರಣ. ಉಸಿರು ಒಳಕ್ಕೆಳೆದು, ಹೊಟ್ಟೆಯನ್ನು ಎದೆಗೆ ಏರಿಸಿ ಕಣ್ಣು ಮುಚ್ಚಿ ನಿಂತ. ಇಸ್ತ್ರಿಯವನು ಒಂದು ಕಡೆಯಿಂದ, ಮಾಸ್ಟರ್ ಇನ್ನೊಂದು ಕಡೆಯಿಂದ ಎಳೆದು ಏಳೂ ಹುಕ್ಕು ಸಿಕ್ಕಿಸಿದರು. ಎಲ್ಲರೂ ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಗೋಡೆ ಉಸಿರುಬಿಟ್ಟ.

ಟಪ್! ಮೊದಲ ಹುಕ್ಕು ಹಾರಿ ಮಂತ್ರಿಯ ನೀರಿನ ಲೋಟಕ್ಕೆ ಬಿತ್ತು. ಟಪ್! ಎರಡನೆಯದು ನಿರ್ದೇಶಕರ ಕನ್ನಡಕಕ್ಕೆ. ಮೂರು, ನಾಲ್ಕು, ಐದು ಎಲ್ಲಿ ಹೋದವೋ ತಿಳಿಯದು. ಹುಕ್ಕಮ್ಮ ಎಂಟು ಸುತ್ತು ದಾರ ಸುತ್ತಿದ್ದಳಲ್ಲ, ಆರು ಮತ್ತು ಏಳನೆಯವು ದಾರದ ಸಮೇತ ಮಖಮಲ್ಲನ್ನೇ ಕಿತ್ತುಕೊಂಡು ಹೊರಟವು. ಪಕ್ಕದ ಹೊಲಿಗೆ ಪರ್‍ರ್ ಎಂದು ಕಂಕುಳಿನಿಂದ ಸೊಂಟದವರೆಗೆ ಬಾಯಿ ತೆರೆಯಿತು.

ಮಾಸ್ಟರ್ ಅಂಗಿಯ ಒಳಮೈ ತಿರುಗಿಸಿ ನೋಡಿದರು. ಆ ಹೊಲಿಗೆ ಯಾರದೆಂದು ಅವರಿಗೆ ಹೆಸರು ಬರೆದಂತೆ ಗೊತ್ತಾಯಿತು. "ಹುಕ್ಕಮ್ಮನೋರೆ!"

"ತಪ್ಪಾಯ್ತು ಮಾಸ್ಟರ್" ಎಂದಳು ಹುಕ್ಕಮ್ಮ, ನೆಲ ನೋಡುತ್ತಾ. "ಮೂರು ಅಂಗಿ ನೋಡಿ ನಮ್ಮ ಸೇನಾಪತಿ ಸಾಯ್ತಾನೆ ಅಂದ್ಕೊಂಡೆ. ನೀವು ಅಳತೆ ತಪ್ಪಿದ್ದೀರಿ ಅಂದ್ಕೊಂಡೆ. ಸಾಯೋವಾಗಲಾದ್ರೂ ಅಂಗಿ ಸರಿಯಾಗಿರ್ಲಿ ಅಂತ ಮೂರನ್ನೂ ಅವನ ಅಳತೆಗೇ ತಂದುಬಿಟ್ಟೆ."

ಸೇನಾಪತಿ ಕುಂಡಲವಿಲ್ಲದ ಕಿವಿಯನ್ನು ತುರಿಸಿಕೊಳ್ಳುತ್ತಾ, "ಅಮ್ಮಾ..." ಎಂದ. ಹುಕ್ಕಮ್ಮ ತಾನಾಗಿಯೇ ಬಿಸ್ಕತ್ತು ಡಬ್ಬಿಗೆ ಮುಚ್ಚಳ ಹಾಕಿ ಕಂಕುಳಿಗೇರಿಸಿದಳು. ಗೇಟಿನ ಹೊರಗೆ ಯಾರಾದರೂ ಎಸೆಯುವುದಕ್ಕಿಂತ ತಾನೇ ಒಯ್ಯುವುದು ಮರ್ಯಾದೆ.

ಆದರೆ ನಿರ್ದೇಶಕರು ಗೋಡೆಯನ್ನೇ ನೋಡುತ್ತಿದ್ದರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಿರಿದ ಹೊಲಿಗೆಯೊಳಗೆ ಬೆರಳಿಟ್ಟರು. ಗೋಡೆಗೆ ಕಚಗುಳಿಯಾಗಿ ಮಿಕ್ಕಿದ್ದೂ ಬಿರಿಯಿತು.

"ಇದೇ!" ಎಂದು ಕೂಗಿದರು. "ಇದೇ ಕಣ್ರಯ್ಯಾ! ಇವನು ನಕಲಿ ಅಂತ ರಾಜಕುಮಾರಿಗೆ ಹೇಗೆ ಗೊತ್ತಾಗಬೇಕು ಅಂತ ಹದಿನೈದು ದಿನದಿಂದ ತಲೆ ಕೆಡಿಸ್ಕೊಂಡಿದ್ದೀನಿ. ಬೆನ್ನ ಮೇಲೆ ಮಚ್ಚೆ ಇಡೋಣ ಅಂದ್ಕೊಂಡಿದ್ದೆ. ಮಚ್ಚೆ ಎಲ್ಲರೂ ಇಡ್ತಾರೆ! ಅಂಗಿ! ಅವಳೇ ಪ್ರೀತಿಯಿಂದ ಸೇನಾಪತಿಗೆ ಹೊಲಿದುಕೊಟ್ಟ ಅಂಗಿ. ಇವನು ಕದ್ದು ಹಾಕ್ಕೊಂಡಿದ್ದಾನೆ. ಕುದುರೆ ಹತ್ತೋವಾಗ ಪರ್‍ರ್ ಅನ್ನುತ್ತೆ!"

"ಸಾರ್, ಹುಕ್ಕು ಕಾಣಬಾರದು. ಆ ಕಾಲದಲ್ಲಿ..." ಎಂದರು ಮಾಸ್ಟರ್.

"ಹುಕ್ಕು ಬೇಡ, ಹೊಲಿಗೆ ಸಾಕು!"

ಹಾಗಾಗಿ ಆ ಮಧ್ಯಾಹ್ನ ಗೋಡೆ ಕುದುರೆ ಹತ್ತಿದ, ಹೊಲಿಗೆ ಬಿಟ್ಟಿತು, ರಾಜಕುಮಾರಿ ಮುಸುಕಿನ ಮನುಷ್ಯನ ಕಡೆಗೆ ಬೆರಳು ಚಾಚಿ, "ಆ ಅಂಗಿ ನನ್ನವನ ಅಳತೆಯದು! ನೀನು ಯಾರು?" ಎಂದು ಗುಡುಗಿದಳು. ಕೇಳಿದವರ ಮೈ ಜುಮ್ಮೆಂದಿತು. ನಿರ್ದೇಶಕರಿಗೆ ಮಾತ್ರ ಸಾಲಲಿಲ್ಲ. ಒಂದು ಸಲ ಕುದುರೆ ಸೀನಿತು, ಒಂದು ಸಲ ಹೊಲಿಗೆ ಬೇಗ ಬಿಟ್ಟಿತು, ಒಂದು ಸಲ ಬಿಡಲೇ ಇಲ್ಲ. ಒಟ್ಟು ಏಳು ಸಲ. ಏಳು ಸಲವೂ ಹುಕ್ಕಮ್ಮ ಬಿಸಿಲಲ್ಲಿ ಕುದುರೆಯ ಪಕ್ಕ ನಿಂತು ಗೋಡೆಯನ್ನು ಅಂಗಿಯೊಳಗಿಟ್ಟು ಹೊಲಿದಳು. ಅದೇ ಅವಳಿಗೆ ಶಿಕ್ಷೆ ಎಂದರು ಮಾಸ್ಟರ್. ಅಷ್ಟು ಸಂತೋಷದಿಂದ ಯಾರೂ ಶಿಕ್ಷೆ ಅನುಭವಿಸಿದ್ದನ್ನು ಅವರು ನೋಡಿರಲಿಲ್ಲ.

ಸಂಜೆ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೊರಟವಳನ್ನು ನಿರ್ದೇಶಕರು ಕರೆದರು. "ಅಜ್ಜೀ, ಸೇನಾಪತಿ ಸಾಯ್ತಾನೆ ಅಂತ ಊರು ನಂಬಿದೆ. ಈ ಕಂತು ಬರೋ ತನಕ ಹಾಗೇ ನಂಬಿರ್ಲಿ. ಬದುಕ್ತಾನೆ ಅನ್ನೋದು ನಿಮ್ಮ ಮನೆಗೆ ಗೊತ್ತಾಗಬಾರದು."

"ಈ ಸಲ ಪ್ರಾಣ ಹೋದ್ರೂ ಗೊತ್ತಾಗಲ್ಲ ಸಾರ್!" ಎಂದು ಹುಕ್ಕಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು.

ಮನೆಗೆ ಬಂದವಳೇ ಯಜಮಾನರ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು. "ಸಲೂನಿನಲ್ಲಿ ಸೇನಾಪತಿ ಸಾಯ್ತಾನೆ ಅಂತ ಹೇಳಿದ್ದು ನೀವು ತಾನೇ? ನಿಮಗೆ ಯಾರು ಹೇಳಿದ್ದು?"

"ನೀನೇ."

"ನಾನಾ! ಯಾವ ಬಾಯಲ್ಲಿ?"

"ಬಾಯಲ್ಲಲ್ಲ ಕಣೆ, ಚಮಚದಲ್ಲಿ" ಎಂದರು ಯಜಮಾನರು, ಬಹಳ ದಿನದ ಹೊರೆ ಇಳಿಸಿದವರಂತೆ. "ದಿನಾ ಅರ್ಧ ಚಮಚ. ಹಿರಿಯ ರಾಣಿ ಹೋಗೋ ಹದಿನೈದು ದಿನ ಮುಂಚೆ ಎರಡು ಚಮಚ. ರಾಜಗುರು ಅಷ್ಟು ಒಳ್ಳೆಯವನಲ್ಲ ನೋಡು, ಅವನಿಗೆ ಒಂದೂವರೆ. ಮೊನ್ನೆ ಭರ್ತಿ ಎರಡೂವರೆ! ಅಷ್ಟು ಮರುಕ ಸೇನಾಪತಿಗಲ್ಲದೆ ಇನ್ಯಾರಿಗೆ?"

ಹುಕ್ಕಮ್ಮ ರಟ್ಟು ಕೊಟ್ಟ ಕುರ್ಚಿಯ ಮೇಲೆ ಕುಸಿದಳು. ನಾಲ್ಕು ವರ್ಷ! ನಾಲ್ಕು ವರ್ಷದಿಂದ ಇಡೀ ಅರಮನೆಯ ಗುಟ್ಟನ್ನು ಲೋಟಕ್ಕೆ ಹಾಕಿ ಕಲಸಿ ಕೊಟ್ಟಿದ್ದಾಳೆ!

ಆದರೆ ಅವಳೇನು ಸಾಮಾನ್ಯಳೇ? ತಕ್ಷಣ ಎಚ್ಚೆತ್ತಳು. ಈಗ ತಾನು ಚಹಾ ಮಾಡಿದರೆ ಅರ್ಧ ಚಮಚ ಹಾಕಿದರೆ ಸೇನಾಪತಿ ಬದುಕುತ್ತಾನೆಂದು ಸಿಕ್ಕಿಬೀಳುತ್ತಾಳೆ, ಎರಡು ಹಾಕಿದರೆ ಮುದುಕನ ಆರೋಗ್ಯ ಕೆಡುತ್ತದೆ. "ಇವತ್ತಿಂದ ಚಹಾ ನೀವೇ ಮಾಡ್ಬೇಕು" ಎಂದು ಆಜ್ಞೆ ಹೊರಡಿಸಿದಳು. ಈಗ ಕಂಡುಹಿಡಿಯಲಿ ನೋಡೋಣ!

ಯಜಮಾನರು ಒಂದು ಮಾತೂ ಎದುರಾಡದೆ ಎದ್ದು ಹೋದರು. 'ಇಷ್ಟು ಸುಲಭವಾಗಿ ಒಪ್ಪಿದರೇ?' ಎಂದು ಅವಳಿಗೆ ಆಶ್ಚರ್ಯವಾಯಿತು. ಚಹಾ ಬಂತು. ಒಂದು ಗುಟುಕು ಕುಡಿದಳು. ಪಾಕ! ಮೂರು ಚಮಚಕ್ಕೆ ಕಡಿಮೆಯಿಲ್ಲ.

ಲೋಟ ಕೆಳಗಿಟ್ಟು ಯಜಮಾನರ ಮುಖ ನೋಡಿದಳು. ಅವರು ಗೋಡೆ ಗಡಿಯಾರ ನೋಡಿದರು.

"ರೀ. ಏನು ಮುಚ್ಚಿಡ್ತಿದ್ದೀರಿ?"

"ಏನಿಲ್ಲ ಕಣೆ."

"ಮೂರು ಚಮಚ ಇದೆ. ಹೇಳಿ."

ಯಜಮಾನರು ತಲೆಯ ಹನ್ನೊಂದು ಕೂದಲ ಮೇಲೆ ಕೈಯಾಡಿಸಿಕೊಂಡರು. "ಸೇನಾಪತಿ ಬದುಕಿದ, ಮದುವೇನೂ ಆಗುತ್ತೆ ಅಂತ ನೀನು ಒಳಗೆ ಬರೋ ಮುಂಚೆಯೇ ಕಿಟಕಿಯಿಂದ ಸಲೂನಿಗೆ ಹೇಳಿಬಿಟ್ಟೆ."

"ಅಷ್ಟರಲ್ಲಿ ಹೇಗೆ ಗೊತ್ತಾಯ್ತು? ನಾನಿನ್ನೂ ಒಳಗೇ ಬಂದಿರ್ಲಿಲ್ಲ!"

"ನೀನು ಮೆಟ್ಟಿಲು ಹತ್ತುತ್ತಾ ಇದ್ದೆ. ಮೊನ್ನೆ ಮೂರು ಕಡೆ ನಿಂತು ಬಂದವಳು ಇವತ್ತು ಮೂವತ್ತೆರಡೂ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ. ಮೇಲಾಗಿ ಹಾಡ್ಕೊಂಡು! ಬರೀ ಬದುಕಿದ್ರೆ ಗುನುಗ್ತಿದ್ದೆ. ಬಾಯಿಬಿಟ್ಟು ಹಾಡಿದ್ಯಲ್ಲ, ಅದಕ್ಕೆ ಮದುವೆ ಸೇರಿಸಿದೆ."

ಕೆಳಗಿನಿಂದ ಟಕ್ ಟಕ್ ಟಕ್ ಎಂದು ಸುತ್ತಿಗೆಯ ಸದ್ದು ಕೇಳಿಸಿತು. ಸಲೂನಿನವನು ಪಟವನ್ನು ಮತ್ತೆ ಮೊಳೆಗೆ ಏರಿಸುತ್ತಿದ್ದ. ಯಾರೋ ಸಿಳ್ಳೆ ಹಾಕಿದರು. "ಅಮ್ಮಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ!" ಎಂದು ಅವನು ಬೀದಿಯಿಂದಲೇ ಕೂಗಿದ.

ಹುಕ್ಕಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಯಜಮಾನರು ಹತ್ತಿರ ಬಂದು, ಆ ಪಾಕದ ಲೋಟವನ್ನು ಮೆಲ್ಲಗೆ ಅವಳಿಂದ ದೂರ ಸರಿಸಿ, ಸಮಾಧಾನ ಹೇಳಿದರು.

"ಇನ್ನು ಮೇಲೆ ಬಾಯಿಬಿಟ್ಟೇ ಹೇಳಿಬಿಡು ಕಣೆ. ಗುಟ್ಟಂತೂ ಉಳಿಯಲ್ಲ, ನನ್ನ ಸಕ್ಕರೆ ಕಾಯಿಲೆಯಾದ್ರೂ ಹತೋಟಿಗೆ ಬರಲಿ!"